ಕುದ್ಮುಲ್ ರಂಗರಾವ್ (1859–1928)

ದಲಿತರ ಶಿಕ್ಷಣಕ್ಕಾಗಿ ಬದುಕನ್ನೇ ಮುಡಿಪಾಗಿಟ್ಟ ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಮೊದಲು ಶಿಕ್ಷಕರಾಗಿ, ಅನಂತರ ವಕೀಲರಾಗಿ ಸೇವೆ ಸಲ್ಲಿಸಿದರು.

ಅಸ್ಪೃಶ್ಯತೆಯ ಕಾರಣ ದಲಿತ ಮಕ್ಕಳಿಗೆ ಅಂದಿನ ಶಾಲೆಗಳಲ್ಲಿ ಪ್ರವೇಶ ದುರ್ಲಭವಾಗಿತ್ತು. ಈ ಮಕ್ಕಳಿಗಾಗಿ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಶಾಲೆಯೊಂದನ್ನು ಆರಂಭಿಸಿದರು. ಮೇಲ್ಜಾತಿಯವರ ವಿರೋಧದಿಂದಾಗಿ ಶಾಲೆಯನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಸ್ವಜಾತಿಯವರ ಬಹಿಷ್ಕಾರಕ್ಕೂ ಅವರು ಗುರಿಯಾದರು. ಆದರೂ ಹಿಂಜರಿಯದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು.

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಕಲಿಯಲಾರರು ಎಂಬುದನ್ನು ಅವರು ಮನಗಂಡಿದ್ದರು. ಹಸಿವು ಹಾಗೂ ದುಡಿಮೆಯ ಅನಿವಾರ್ಯತೆಗಳು ಮಕ್ಕಳನ್ನು ಶಾಲೆಯಿಂದ ದೂರವಿರಿಸಿದ್ದವು. ಆದಕಾರಣ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ತಪ್ಪದೆ ಹಾಜರಾಗುವಂತೆ ಮಕ್ಕಳಿಗೆ ದಿನವೂ ಅಲ್ಪ ಹಣವನ್ನು ನೀಡಿದರು. ಅಕ್ಷರಾಭ್ಯಾಸದೊಂದಿಗೆ ನೇಯ್ಗೆ, ಮರಗೆಲಸಗಳ ತರಬೇತಿಯನ್ನೂ ಅಳವಡಿಸಿದ ಕಾರಣ ಕಲಿಕೆಯು ಜೀವನೋಪಾಯಕ್ಕೆ ಆಧಾರವಾಯಿತು. ದಲಿತ ಕುಟುಂಬಗಳಿಗೆ ನಿವೇಶನಗಳನ್ನು ಒದಗಿಸಲೂ ಅವರು ಶ್ರಮಿಸಿದರು.

1928ರಲ್ಲಿ ರಂಗರಾಯರು ನಿಧನರಾದರು. ಅವರ ಇಚ್ಛೆಯಂತೆ ಅಂತ್ಯಸಂಸ್ಕಾರವನ್ನು ದಲಿತರೇ ನೆರವೇರಿಸಿದರು. ಬಡ ಮಕ್ಕಳ ಪಾಲಿಗೆ ಊಟ, ಸೂರು ಮತ್ತು ಗೌರವಗಳೂ ಶಿಕ್ಷಣದ ಅಂಗಗಳೆಂಬುದನ್ನು ಅವರ ಕಾರ್ಯವು ತೋರಿಸಿಕೊಟ್ಟಿತು.