ಡಾಕ್ಟರ್ ಯೆಲ್ಲಾಪ್ರಗಡ ಸುಬ್ಬರಾಯರು

ಸೋರಿಯಾಸಿಸ್ ಎಂಬುದೊಂದು ಚರ್ಮರೋಗ. ಮೊಣಕೈ, ಮೊಣಕಾಲು, ಬೆನ್ನು, ನೆತ್ತಿ ಮೊದಲಾದೆಡೆಗಳಲ್ಲಿ ಕೆಂಪಾದ ದಪ್ಪ ಮಚ್ಚೆಗಳೆದ್ದು, ಅವುಗಳಿಂದ ಬೆಳ್ಳಿಯ ಬಣ್ಣದ ಹೊಟ್ಟು ಉದುರುತ್ತಿರುವುದು ಇದರ ಲಕ್ಷಣ. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಆದರೂ ಕಂಡವರು ದೂರ ಸರಿಯುತ್ತಾರೆ. ಇದು ಬೇರೆ, ಕುಷ್ಠವು ಬೇರೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ನಿಷ್ಕರ್ಷೆಯಾಗುವವರೆಗೆ ಎಷ್ಟೋ ಮಂದಿ ನಿರಪರಾಧಿಗಳು ಕುಷ್ಠರೋಗಿಗಳೆಂದೇ ಎಣಿಸಲ್ಪಟ್ಟು ಊರ ಹೊರಗೆ ಬಾಳಬೇಕಾಯಿತು. ಈ ರೋಗಿಗಳಿಗೆ ವೈದ್ಯರು ಇಂದಿಗೂ ಬರೆದುಕೊಡುವ ಮಾತ್ರೆಗಳಲ್ಲಿ ಒಂದರ ಮೂಲವನ್ನು ಅರಸುತ್ತ ಹೋದರೆ ನಾವು ಗೋದಾವರಿಯ ತೀರದ ಸೀಮೆಗೆ ಬಂದು ನಿಲ್ಲುತ್ತೇವೆ. ಸೋಜಿಗವೆಂದರೆ, ಆ ಮೂಲಪುರುಷರು ಚರ್ಮರೋಗದ ಔಷಧವನ್ನು ಹುಡುಕಿದವರೇ ಅಲ್ಲ.

ಯೆಲ್ಲಾಪ್ರಗಡ ಸುಬ್ಬರಾಯರು ೧೮೯೫ನೆಯ ಇಸವಿ ಜನವರಿ ೧೨ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮನೆಯಲ್ಲಿ ಮಕ್ಕಳು ಬಹಳ, ವರಮಾನ ಅಲ್ಪ. ಬಾಲಕನಿಗೆ ಓದಿನಲ್ಲಿ ಅಂಥ ಆಸಕ್ತಿಯೂ ಇರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯ ಹಣ್ಣನ್ನು ಮಾರಿ ಹಣವಂತನಾಗುವೆನೆಂದು ಮನೆ ಬಿಟ್ಟು ಓಡಿದ ಹುಡುಗನನ್ನು ಹಿರಿಯರು ಅರ್ಧದಾರಿಯಿಂದ ಹಿಡಿದು ತರಬೇಕಾಯಿತು. ತಾಯಿ ವೆಂಕಮ್ಮನವರು ಗಟ್ಟಿ ಮನಸ್ಸಿನ ಹೆಂಗಸು. ಪತಿಯು ಗತಿಸಿದ ಮೇಲೆ ಮೈಮೇಲಿನ ಒಡವೆಯನ್ನು ಮಾರಿ ಮಗನನ್ನು ಓದಿಸಿದರು. ನಮ್ಮ ಈ ಚೆನ್ನೈ ನಗರವು ಮದರಾಸೆನಿಸಿಕೊಂಡಿದ್ದ ಆ ದಿನಗಳಲ್ಲಿ, ತಿರುವಲ್ಲಿಕೇಣಿಯ ಹಿಂದೂ ಹೈಸ್ಕೂಲಿನಿಂದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅದೂ ಮೂರನೆಯ ಪ್ರಯತ್ನದಲ್ಲಿ. ಆ ಶಾಲೆಯ ಮುಂದೆ ಹಾದುಹೋಗುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬಹುದು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ಅವರ ಮನಸ್ಸು ರಾಮಕೃಷ್ಣಾಶ್ರಮದತ್ತ ಒಲಿಯಿತು. ಸಂನ್ಯಾಸಕ್ಕೆ ತಾಯಿಯು ಒಪ್ಪಲಿಲ್ಲ. ಕೊನೆಗೆ, ರೋಗಿಗಳ ಸೇವೆಯೂ ದೇವರ ಸೇವೆಯೇ ಎಂಬ ಸಮಾಧಾನದಿಂದ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಗಾಂಧೀಜಿಯವರ ಕರೆಗೆ ದೇಶವೆಲ್ಲ ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿಯನ್ನೇ ಧರಿಸಿ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹನೆಯಾಗಲಿಲ್ಲ. ಪರಿಣಾಮವಾಗಿ, ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ, ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಶಸ್ತಿಯೇ ಅವರ ಪಾಲಿಗೆ ಬಂದಿತು. ಮುಂದೆ ಮದರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಕೆಲಕಾಲ ಉಪನ್ಯಾಸಕರಾಗಿದ್ದರು.

ಈ ನಡುವೆ ಅವರ ಬಾಳಿನ ದಿಕ್ಕನ್ನೇ ತಿರುಗಿಸಿದ ದುರಂತವೊಂದು ಘಟಿಸಿತ್ತು. ಅವರ ಇಬ್ಬರು ಸಹೋದರರು ಎಂಟೇ ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರನ್ನೂ ಒಯ್ದದ್ದು ಉಷ್ಣದೇಶಗಳಲ್ಲಿ ಕಾಣುವ ಸ್ಪ್ರೂ ಎಂಬ ರೋಗ. ಇದರಲ್ಲಿ ತಿಂದ ಅನ್ನದ ಸಾರವನ್ನು ಕರುಳು ಹೀರಿಕೊಳ್ಳದೆ ಭೇದಿಯಾಗಿ, ರಕ್ತವು ಬತ್ತಿ, ಮನುಷ್ಯನು ದಿನದಿನಕ್ಕೆ ಸೊರಗುತ್ತಾನೆ. ಅಂದಿನ ವೈದ್ಯರಲ್ಲಿ ಇದಕ್ಕೆ ಮದ್ದಿರಲಿಲ್ಲ. ಆ ಮದ್ದನ್ನು ಕಂಡುಹಿಡಿಯಬೇಕೆಂಬ ಛಲವೇ ಸುಬ್ಬರಾಯರನ್ನು ಹಡಗು ಹತ್ತಿಸಿತು. ಕಾಕಿನಾಡದ ಸತ್ಯಲಿಂಗ ನಾಯ್ಕರ ಧರ್ಮಸಂಸ್ಥೆಯ ನೆರವು ಮತ್ತು ಮಾವನವರ ಹಣ, ಇವೆರಡರ ಬಲದಿಂದ ೧೯೨೩ರಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಮುಟ್ಟಿದರು. ಕೆಲವು ವರ್ಷಗಳಲ್ಲಿ ಮರಳುವೆನೆಂದು ಎಳೆಯ ಪತ್ನಿ ಶೇಷಗಿರಿಯಮ್ಮನವರನ್ನು ತವರಿನಲ್ಲಿ ಬಿಟ್ಟು ಹೋದವರು ಮರಳಿ ಬರಲೇ ಇಲ್ಲ. ಅವರು ಹೋದ ಮೇಲೆ ಹುಟ್ಟಿದ ಗಂಡುಮಗುವು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆಯು ಅದರ ಮುಖವನ್ನು ಕಾಣಲಿಲ್ಲ. ಸುಬ್ಬರಾಯರ ಹಿರಿಮೆಯನ್ನು ಹೇಳುವವರು ಈ ಮಾತನ್ನು ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತಾರೆ. ಆದರೆ ಅವರ ಸಾಧನೆಯ ಬೆಲೆಯನ್ನು ತೆತ್ತವರಲ್ಲಿ ಆ ಹೆಣ್ಣುಮಗಳೂ ಒಬ್ಬಳೆಂಬುದನ್ನು ಮರೆಯುವುದು ನ್ಯಾಯವಲ್ಲ.

ಹಾರ್ವರ್ಡಿನ ಉಷ್ಣದೇಶ ವೈದ್ಯಶಾಲೆಯಲ್ಲಿ ಹಗಲು ವ್ಯಾಸಂಗ. ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೂಲಿ. ಬಳಿಕ ಸೈರಸ್ ಫಿಸ್ಕ್ ಎಂಬ ವಿದ್ವಾಂಸರೊಡನೆ ಸೇರಿ, ರಕ್ತ ಮತ್ತು ಮೂತ್ರಗಳಲ್ಲಿರುವ ರಂಜಕದ ಪ್ರಮಾಣವನ್ನು ಬಣ್ಣದ ಮೂಲಕ ಅಳೆಯುವ ಕ್ರಮವನ್ನು ೧೯೨೫ರಲ್ಲಿ ಪ್ರಕಟಿಸಿದರು. ಇಬ್ಬರ ಹೆಸರನ್ನೂ ಹೊತ್ತ ಆ ಕ್ರಮವನ್ನು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದೂ ಕಲಿಯುತ್ತಾರೆ. ಸ್ನಾಯುಗಳ ಶಕ್ತಿಗೆ ಆಧಾರವಾದ ಫಾಸ್ಫೋಕ್ರಿಯೇಟಿನ್, ಎ.ಟಿ.ಪಿ. ಎಂಬ ದ್ರವ್ಯಗಳನ್ನೂ ಈ ಜೋಡಿಯು ೧೯೨೭ ಮತ್ತು ೧೯೨೯ರಲ್ಲಿ ಗುರುತಿಸಿತು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಲೋಮನ್ನರೂ ಸ್ವತಂತ್ರವಾಗಿ ಕಂಡಿದ್ದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಸ್ಥಿರವಾದ ಹುದ್ದೆಯು ದೊರೆಯಲಿಲ್ಲ. ೧೯೪೦ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಯನ್ನು ಸೇರಿ, ಅಲ್ಲಿಯ ಸಂಶೋಧನೆಗಳ ಮುಖ್ಯಸ್ಥರಾದರು.

ಅಲ್ಲಿ ಹಳೆಯ ಛಲವು ಮತ್ತೆ ಚಿಗುರಿತು. ಸ್ಪ್ರೂ ರೋಗದ ರಕ್ತಹೀನತೆಯನ್ನು ನೀಗುವ ಯಾವುದೋ ಅಂಶವು ಪ್ರಾಣಿಗಳ ಯಕೃತ್ತಿನಲ್ಲಿಯೂ ಹಸಿರು ಸೊಪ್ಪಿನಲ್ಲಿಯೂ ಇದೆಯೆಂದು ತಿಳಿದಿತ್ತು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದಿದ್ದರು. ಆದರೆ ಅದು ಸಿಗುವುದು ಅತ್ಯಲ್ಪ ಪ್ರಮಾಣದಲ್ಲಿ. ಸುಬ್ಬರಾಯರ ಬಳಗವು ಅದರ ರಚನೆಯನ್ನು ಬಿಡಿಸಿ, ೧೯೪೫ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು. ಸಹೋದರರನ್ನು ಒಯ್ದ ರೋಗಕ್ಕೆ ಕಡೆಗೂ ಮದ್ದು ದೊರೆಯಿತು.

ಇಲ್ಲಿಗೆ ಕಥೆಯು ಮುಗಿಯಬಹುದಾಗಿತ್ತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರು ಫೋಲಿಕ್ ಆಮ್ಲದಿಂದ ಹೆಚ್ಚುವಂತೆ ತೋರುವುದನ್ನು ಗಮನಿಸಿದರು. ಹಾಗಾದರೆ ಅದಕ್ಕೆ ವಿರೋಧಿಯಾದ ದ್ರವ್ಯವು ರೋಗವನ್ನು ತಡೆಯಬೇಕಲ್ಲವೇ? ಸುಬ್ಬರಾಯರ ಬಳಗವು ಫೋಲಿಕ್ ಆಮ್ಲದ ಕಣದಲ್ಲಿ ಚಿಕ್ಕದೊಂದು ಬದಲಾವಣೆಯನ್ನು ಮಾಡಿ ಅಮಿನಾಪ್ಟೆರಿನ್ ಎಂಬ ದ್ರವ್ಯವನ್ನು ತಯಾರಿಸಿತು. ಬೀಗದೊಳಕ್ಕೆ ಹೋಗಿಯೂ ತಿರುಗದೆ ಸಿಕ್ಕಿಕೊಳ್ಳುವ ಕಳ್ಳಕೀಲಿಯಂತೆ, ಇದು ಜೀವಕೋಶದಲ್ಲಿ ನಿಜವಾದ ಜೀವಸತ್ವದ ಸ್ಥಾನವನ್ನು ಆಕ್ರಮಿಸಿ ಅದರ ಕೆಲಸವನ್ನು ನಿಲ್ಲಿಸುತ್ತದೆ. ಕೋಶವು ಒಂದು ಎರಡಾಗಬೇಕಾದರೆ ಫೋಲಿಕ್ ಆಮ್ಲವು ಬೇಕೇಬೇಕು. ಆದುದರಿಂದ ಬೇಗಬೇಗನೆ ಹೆಚ್ಚುವ ಕೋಶಗಳಿಗೆ ಮೊದಲು ಪೆಟ್ಟು ಬೀಳುತ್ತದೆ. ಫಾರ್ಬರರು ಇದನ್ನು ಕೊಟ್ಟ ೧೬ ಮಕ್ಕಳಲ್ಲಿ ೧೦ ಮಕ್ಕಳು ಚೇತರಿಸಿಕೊಂಡರೆಂದು ೧೯೪೮ರಲ್ಲಿ ವರದಿಯಾಯಿತು. ಆ ಚೇತರಿಕೆಯು ಕೆಲವು ತಿಂಗಳುಗಳದು ಮಾತ್ರವಾಗಿತ್ತು. ಆದರೆ ಅದಕ್ಕೆ ಮುಂಚೆ ಅಷ್ಟೂ ಇರಲಿಲ್ಲ. ಅಮಿನಾಪ್ಟೆರಿನ್ನಿನ ತಮ್ಮನೆನ್ನಬಹುದಾದ ಮೆಥೊಟ್ರೆಕ್ಸೇಟ್ ಕೂಡ ಅದೇ ಪ್ರಯೋಗಶಾಲೆಯ ಕೂಸು. ಆನೆಕಾಲು ರೋಗದ ಹುಳುಗಳಿಗೆ ಮಾರಕವಾದ ಹೆಟ್ರಜಾನ್ ಅಲ್ಲಿಂದ ಹೊರಬಂದುದೂ, ಬೆಂಜಮಿನ್ ಡಗ್ಗರರು ಮಣ್ಣಿನ ಜೀವಿಯೊಂದರಿಂದ ಆರಿಯೋಮೈಸಿನ್ನನ್ನು ಪಡೆದುದೂ ಈ ವರ್ಷಗಳಲ್ಲಿಯೇ.

೧೯೪೮ರ ಆಗಸ್ಟ್ ತಿಂಗಳಿನಲ್ಲಿ, ೫೩ನೆಯ ವಯಸ್ಸಿನಲ್ಲಿ, ಸುಬ್ಬರಾಯರು ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಸ್ವತಂತ್ರ ಭಾರತವನ್ನು ಅವರು ಕಣ್ಣಾರೆ ಕಾಣಲಿಲ್ಲ.

ಮೂರು ವರ್ಷಗಳು ಕಳೆದುವು. ೧೯೫೧ರಲ್ಲಿ ಅಮೆರಿಕದ ರಿಚರ್ಡ್ ಗುಬ್ನರ್ ಮತ್ತು ಅವರ ಸಂಗಡಿಗರು ಕೀಲುಗಳು ಊದಿ ನೋಯುವ ಸಂಧಿವಾತದ ರೋಗಿಗಳಿಗೆ ಅಮಿನಾಪ್ಟೆರಿನ್ ಕೊಟ್ಟು ಪರೀಕ್ಷಿಸುತ್ತಿದ್ದರು. ಆಗ, ಸೋರಿಯಾಸಿಸ್ ಇದ್ದವರ ಚರ್ಮದ ಮಚ್ಚೆಗಳು ಮಾಯುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ಇದಕ್ಕೆ ಕಾರಣವೂ ಹೊಳೆಯಿತು. ಆರೋಗ್ಯವಂತರ ಚರ್ಮದ ಕೋಶವೊಂದು ಅಡಿಯಲ್ಲಿ ಹುಟ್ಟಿ ಮೇಲಕ್ಕೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ರೋಗಿಯ ಮಚ್ಚೆಯಲ್ಲಾದರೋ ನಾಲ್ಕೈದು ದಿನಗಳಲ್ಲಿಯೇ ಆ ಪಯಣವು ಮುಗಿಯುತ್ತದೆ. ಬಲಿಯದ ಕೋಶಗಳು ಹೊಟ್ಟಾಗಿ ರಾಶಿಬೀಳುತ್ತವೆ. ಔಷಧವು ಈ ಅವಸರಕ್ಕೆ ಕಡಿವಾಣ ಹಾಕುತ್ತದೆಂದು ಅವರು ಬಗೆದರು. ಆ ತರ್ಕವು ಪೂರ್ಣವಾಗಿ ಸರಿಯಲ್ಲವೆಂದು ಮುಂದೆ ತಿಳಿಯಿತು. ನಮ್ಮನ್ನು ಸೋಂಕಿನಿಂದ ಕಾಯಬೇಕಾದ ಬಿಳಿಯ ರಕ್ತಕಣಗಳೇ ದಾರಿತಪ್ಪಿ ಚರ್ಮವನ್ನು ಕೆರಳಿಸುವುದರಿಂದ ಈ ರೋಗವುಂಟಾಗುತ್ತದೆ. ಸ್ವಲ್ಪ ಪ್ರಮಾಣದ ಮೆಥೊಟ್ರೆಕ್ಸೇಟ್ ಮುಖ್ಯವಾಗಿ ಆ ಕಣಗಳನ್ನು ಶಾಂತಗೊಳಿಸುತ್ತದೆ. ಮದ್ದು ಫಲಿಸಿದ್ದು ಮೊದಲು, ಅದರ ಕಾರಣವು ತಿಳಿದದ್ದು ಆಮೇಲೆ. ವೈದ್ಯಶಾಸ್ತ್ರದಲ್ಲಿ ಹೀಗಾಗುವುದುಂಟು.

ಅಮಿನಾಪ್ಟೆರಿನ್ ಹೆಚ್ಚು ವಿಷಕರವಾಗಿದ್ದುದರಿಂದ ಅದರ ಸ್ಥಾನವನ್ನು ಮೆಥೊಟ್ರೆಕ್ಸೇಟ್ ಪಡೆಯಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದ ಸರ್ಕಾರವು ಸೋರಿಯಾಸಿಸ್ ರೋಗಕ್ಕೆ ಅದನ್ನು ಅಂಗೀಕರಿಸಿತು. ಇತ್ತೀಚೆಗೆ ಹೊಸ ಬಗೆಯ ಚುಚ್ಚುಮದ್ದುಗಳು ಬಂದಿದ್ದರೂ ಅವುಗಳ ಬೆಲೆ ಬಹಳ. ಬಡವರ ಪಾಲಿಗೆ ಈ ಹಳೆಯ ಮಾತ್ರೆಯೇ ಆಸರೆ. ಆದರೆ ಇದು ಹುಡುಗಾಟದ ಮದ್ದಲ್ಲ. ಸೋರಿಯಾಸಿಸ್ ರೋಗಿಯು ವಾರಕ್ಕೊಂದು ದಿನ ಮಾತ್ರ ಇದನ್ನು ಸೇವಿಸಬೇಕು. ತಿಳಿಯದೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಯಕೃತ್ತು ಮತ್ತು ರಕ್ತಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಗರ್ಭಿಣಿಯರು ಮುಟ್ಟಲೇಬಾರದು.

ಜೀವಸತ್ವದ ಕೊರತೆಯಿಂದ ರೋಗಿಯು ಬಳಲದಿರಲೆಂದು ವೈದ್ಯರು ಇದರ ಜೊತೆಗೆ ಇನ್ನೊಂದು ಮಾತ್ರೆಯನ್ನೂ ಸಾಮಾನ್ಯವಾಗಿ ಬರೆಯುತ್ತಾರೆ. ಮೆಥೊಟ್ರೆಕ್ಸೇಟ್ ನುಂಗಿದ ದಿನವನ್ನು ಬಿಟ್ಟು ಬೇರೆ ದಿನ ಅದನ್ನು ಸೇವಿಸುವುದು ವಾಡಿಕೆ. ಆ ಇನ್ನೊಂದು ಮಾತ್ರೆಯೇ ಫೋಲಿಕ್ ಆಮ್ಲ.