ಫ್ರೆಡರಿಕ್ ಡಗ್ಲಾಸ್: ಅಕ್ಷರದಿಂದ ಪೌರತ್ವದವರೆಗೆ

ಅಮೆರಿಕದ ಅಂತರ್ಯುದ್ಧವನ್ನು ಕುರಿತ ಬರಹಗಳು ಹಲವು ವೇಳೆ ಅಬ್ರಹಾಂ ಲಿಂಕನ್ನನ ಹತ್ಯೆಯೊಂದಿಗೆ ಮುಗಿದುಬಿಡುತ್ತವೆ. ಆದರೆ ಯುದ್ಧಪೂರ್ವದ ಗುಲಾಮಗಿರಿ, ಯುದ್ಧಾನಂತರದ ಪುನರ್ನಿರ್ಮಾಣ, ಆ ಪುನರ್ನಿರ್ಮಾಣದ ಕುಸಿತ ಈ ಮೂರನ್ನೂ ಒಂದೇ ಬದುಕಿನಲ್ಲಿ ಉಂಡವನು ಫ್ರೆಡರಿಕ್ ಡಗ್ಲಾಸ್. ಕಾನೂನು ಕೊಟ್ಟ ಬಿಡುಗಡೆ ನಿತ್ಯಜೀವನದ ಬಿಡುಗಡೆಯಾಗಲು ಇನ್ನೇನು ಬೇಕು ಎಂಬ ಪ್ರಶ್ನೆ ಆತನನ್ನು ಕಡೆಯವರೆಗೂ ಕಾಡಿತು.

ಡಗ್ಲಾಸ್ ಹುಟ್ಟಿದ್ದು 1818ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ. ತಾಯಿ ಹ್ಯಾರಿಯೆಟ್ ಬೇಲಿ ಗುಲಾಮಳಾಗಿದ್ದುದರಿಂದ ಮಗನೂ ಹುಟ್ಟಿನಿಂದಲೇ ಗುಲಾಮ. ತನ್ನ ಜನ್ಮದಿನ ಯಾವುದೆಂಬುದು ಆತನಿಗೆ ಖಚಿತವಾಗಿ ತಿಳಿಯಲೇ ಇಲ್ಲ. ಬಾಲ್ಟಿಮೋರ್ ನಗರದ ಮನೆಯೊಂದರಲ್ಲಿ ಕೆಲಸಕ್ಕಿದ್ದಾಗ ಒಡತಿ ಸೋಫಿಯಾ ಆಲ್ಡ್ ಅಕ್ಷರಾಭ್ಯಾಸ ಮಾಡಿಸತೊಡಗಿದಳು. ಆಕೆಯ ಗಂಡ ಅದನ್ನು ತಡೆದ. ಓದು ಬಲ್ಲವನು ಗುಲಾಮನಾಗಿ ಉಳಿಯಲಾರ ಎಂಬುದು ಅವನ ಭಯ. ಒಡೆಯನ ಆ ಭಯವೇ ಬಾಲಕನಿಗೆ ದಾರಿ ತೋರಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡ.

1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ಧರಿಸಿ, ಬೇರೊಬ್ಬನ ಕಾಗದಪತ್ರಗಳೊಂದಿಗೆ ರೈಲನ್ನೇರಿ ಉತ್ತರಕ್ಕೆ ಪಾರಾದ. 1845ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ತನ್ನ ಒಡೆಯರನ್ನು ಹೆಸರಿಸಿದ್ದರಿಂದ ಮತ್ತೆ ಸೆರೆಸಿಕ್ಕುವ ಅಪಾಯವೊದಗಿ ಬ್ರಿಟನ್ನಿಗೆ ತೆರಳಬೇಕಾಯಿತು. ಅಲ್ಲಿನ ಮಿತ್ರರು 1846ರಲ್ಲಿ ಹಣ ತೆತ್ತು ಆತನನ್ನು ಕಾನೂನುಬದ್ಧವಾಗಿ ಬಿಡಿಸಿದರು. ಮರುವರ್ಷ ರಾಚೆಸ್ಟರ್ ನಗರದಲ್ಲಿ ‘ನಾರ್ತ್ ಸ್ಟಾರ್’ ಪತ್ರಿಕೆಯನ್ನು ಸ್ಥಾಪಿಸಿದ.

1861ರಲ್ಲಿ ಯುದ್ಧ ಆರಂಭವಾದಾಗ ಲಿಂಕನ್ನನ ಘೋಷಿತ ಗುರಿ ಒಕ್ಕೂಟದ ಉಳಿವು ಮಾತ್ರವಾಗಿತ್ತು. ಗುಲಾಮಗಿರಿಯನ್ನು ಅಳಿಸದೆ ಒಕ್ಕೂಟ ಉಳಿಯದೆಂದು ಡಗ್ಲಾಸ್ ಪಟ್ಟುಹಿಡಿದು ವಾದಿಸಿದ. 1863ರ ಜನವರಿ 1ರ ವಿಮೋಚನಾ ಘೋಷಣೆಯ ತರುವಾಯ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸುವ ಕಾರ್ಯ ಕೈಗೊಂಡ. ಆತನ ಇಬ್ಬರು ಮಕ್ಕಳು ಮ್ಯಾಸಚೂಸೆಟ್ಸ್‌ನ 54ನೆಯ ಪಡೆಗೆ ಸೇರಿದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ವೇತನವಿದ್ದರೆ ಕಪ್ಪು ಸೈನಿಕನಿಗೆ 10 ಡಾಲರ್. ಅದರಲ್ಲಿಯೂ ಬಟ್ಟೆಗೆಂದು 3 ಡಾಲರ್ ಕಡಿತ. ಈ ತಾರತಮ್ಯವನ್ನು ಡಗ್ಲಾಸ್ ಅದೇ ವರ್ಷದ ಆಗಸ್ಟಿನಲ್ಲಿ ಲಿಂಕನ್ನನೆದುರೇ ಪ್ರಶ್ನಿಸಿದ. ಸಮಾನ ವೇತನದ ಕಾನೂನು 1864ರಲ್ಲಿ ಬಂದಿತು.

1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಪಡಿಸಿತು. ಯುದ್ಧಕ್ಕೆ ಮುನ್ನ ಸುಮಾರು 40 ಲಕ್ಷ ಜನ ಆ ಬಂಧನದಲ್ಲಿದ್ದರು. ಗುಲಾಮಗಿರಿ ವಿರೋಧಿ ಸಂಘದ ಕೆಲಸ ಮುಗಿಯಿತೆಂದು ಹಿರಿಯ ನಾಯಕ ಗ್ಯಾರಿಸನ್ ಭಾವಿಸಿದಾಗ ಡಗ್ಲಾಸ್ ಒಪ್ಪಲಿಲ್ಲ. ಮತದಾನದ ಹಕ್ಕಿಲ್ಲದ ಬಿಡುಗಡೆ ಅರ್ಧ ಬಿಡುಗಡೆಯೆಂಬುದು ಆತನ ನಿಲುವು. ದಕ್ಷಿಣದ ರಾಜ್ಯಗಳು ಕಪ್ಪು ಜನರ ದುಡಿಮೆ, ಸಂಚಾರಗಳನ್ನು ಕಟ್ಟಿಹಾಕುವ ಕಾನೂನುಗಳನ್ನು ತಂದದ್ದು ಈ ನಿಲುವನ್ನು ಸಮರ್ಥಿಸಿತು. 1868ರ 14ನೆಯ ತಿದ್ದುಪಡಿಯು ಪೌರತ್ವವನ್ನು ನೀಡಿತು. 1870ರ 15ನೆಯ ತಿದ್ದುಪಡಿಯು ಬಣ್ಣದ ಕಾರಣದಿಂದ ಮತದಾನದ ಹಕ್ಕನ್ನು ನಿರಾಕರಿಸುವುದನ್ನು ನಿಷೇಧಿಸಿತು. ಸ್ತ್ರೀಯರನ್ನು ಒಳಗೊಳ್ಳದ ಈ ತಿದ್ದುಪಡಿಯನ್ನು ಬೆಂಬಲಿಸಿದ್ದಕ್ಕಾಗಿ, 1848ರಿಂದ ಸ್ತ್ರೀಮತಾಧಿಕಾರದ ಪರ ನಿಂತಿದ್ದ ಡಗ್ಲಾಸ್ ತನ್ನ ಹಳೆಯ ಸಂಗಾತಿಗಳೊಡನೆ ನಿಷ್ಠುರ ಕಟ್ಟಿಕೊಳ್ಳಬೇಕಾಯಿತು.

ಈ ವಿಮೋಚನೆಯ ವಾರ್ತೆ ಭಾರತವನ್ನೂ ತಟ್ಟಿತ್ತು. ಪುಣೆಯ ಜೋತಿರಾವ್ ಫುಲೆ 1873ರ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನತೆಗೆ ಅರ್ಪಿಸಿದ್ದು ಸ್ಮರಣೀಯ. ಆದರೆ ಫುಲೆಯವರು ಮೆಚ್ಚಿದ ಆ ಕಾರ್ಯ ಅಲ್ಲಿ ಆಗಲೇ ದುರ್ಬಲಗೊಳ್ಳುತ್ತಿತ್ತು. ಬಿಡುಗಡೆ ಹೊಂದಿದವರಿಗೆ ಭೂಮಿ ದೊರೆಯಲಿಲ್ಲ. ಅವರ ಉಳಿತಾಯಕ್ಕೆಂದು ಸ್ಥಾಪಿತವಾದ ಬ್ಯಾಂಕು, ಡಗ್ಲಾಸ್ ಅದರ ಅಧ್ಯಕ್ಷನಾದ ಕೆಲವೇ ತಿಂಗಳುಗಳಲ್ಲಿ, 1874ರಲ್ಲಿ ಮುಚ್ಚಿತು. 1877ರಲ್ಲಿ ದಕ್ಷಿಣದ ಸರ್ಕಾರಗಳಿಗೆ ಆಸರೆಯಾಗಿದ್ದ ಸೇನೆ ಹಿಂದೆಗೆಯಿತು. ಅದೇ ವರ್ಷ ಡಗ್ಲಾಸ್ ವಾಷಿಂಗ್ಟನ್ನಿನ ಮಾರ್ಷಲ್ ಪದವಿಯನ್ನು ಸ್ವೀಕರಿಸಿದ್ದು ಟೀಕೆಗೆ ಗುರಿಯಾಯಿತು. ಪದವಿ ಆತನ ಬಾಯನ್ನು ಶಾಶ್ವತವಾಗಿ ಕಟ್ಟಲಿಲ್ಲವೆಂಬುದೂ ನಿಜ. 1883ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಗರಿಕ ಹಕ್ಕುಗಳ ಕಾಯಿದೆಯನ್ನು ಅನೂರ್ಜಿತಗೊಳಿಸಿದಾಗ ಬಹಿರಂಗವಾಗಿ ಪ್ರತಿಭಟಿಸಿದ. ಇಳಿವಯಸ್ಸಿನಲ್ಲಿ, ಗುಂಪುಗೂಡಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಕ್ರೌರ್ಯದ ವಿರುದ್ಧ ಉಪನ್ಯಾಸಗಳನ್ನಿತ್ತ.

1895ರ ಫೆಬ್ರವರಿ 20ರಂದು, ಸ್ತ್ರೀಯರ ಸಭೆಯೊಂದರಲ್ಲಿ ಪಾಲ್ಗೊಂಡು ಮನೆಗೆ ಮರಳಿದ ಡಗ್ಲಾಸ್ ಅಂದೇ ನಿಧನ ಹೊಂದಿದ. ಮತದಾನದ ಹಕ್ಕು ದಕ್ಷಿಣದಲ್ಲಿ ಪರಿಣಾಮಕಾರಿಯಾಗಲು 1965ರ ಕಾಯಿದೆಯವರೆಗೆ, ಅಂದರೆ ಇನ್ನೂ 70 ವರ್ಷ, ಕಾಯಬೇಕಾಯಿತು. ಯುದ್ಧ ಗೆದ್ದ ಕಾರಣಕ್ಕೇ ಬಿಡುಗಡೆ ಪೂರ್ಣವಾಗದು, ಅದನ್ನು ದಿನದಿನವೂ ಕಾಯ್ದುಕೊಳ್ಳಬೇಕು ಎಂಬ ಆತನ ಎಚ್ಚರ ಎಷ್ಟು ಯಥಾರ್ಥವಾಗಿತ್ತೆಂಬುದಕ್ಕೆ ಆ ದೀರ್ಘ ಕಾಲವೇ ಸಾಕ್ಷಿ.