ರಿಚರ್ಡ್ ಸಿ. ಹೈಸರ್

ರಿಚರ್ಡ್ ಸಿ. ಹೈಸರ್ (1931–1987) ಅಮೆರಿಕದ ಎಂಜಿನಿಯರ್ ಮತ್ತು ಧ್ವನಿವಿಜ್ಞಾನಿ. ಧ್ವನಿವರ್ಧಕಗಳ ಗುಣವನ್ನು ಸಾಮಾನ್ಯ ಕೋಣೆಯಲ್ಲಿಯೇ ಅಳೆಯಲು ಅನುವು ಮಾಡಿಕೊಟ್ಟ 'ಟೈಮ್ ಡಿಲೇ ಸ್ಪೆಕ್ಟ್ರೋಮೆಟ್ರಿ' (ಟಿಡಿಎಸ್), ಅಂದರೆ ಕಾಲವಿಳಂಬ ರೋಹಿತಮಾಪನ ವಿಧಾನವನ್ನು ರೂಪಿಸಿದವರು ಇವರು.

ಜನನ ಮತ್ತು ಶಿಕ್ಷಣ

ಹೈಸರ್ 1931ರಲ್ಲಿ ಶಿಕಾಗೊ ನಗರದಲ್ಲಿ ಜನಿಸಿದರು. 1953ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನೂ 1954ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ (ಕ್ಯಾಲ್‌ಟೆಕ್) ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವೃತ್ತಿಜೀವನ

1956ರಲ್ಲಿ ಅವರು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯನ್ನು ಸೇರಿದರು. ಅಮೆರಿಕದ ಮೊದಲ ಕೃತಕ ಉಪಗ್ರಹವಾದ ಎಕ್ಸ್‌ಪ್ಲೋರರ್-1 ಮೊದಲ್ಗೊಂಡು ಹಲವು ಬಾಹ್ಯಾಕಾಶ ಯೋಜನೆಗಳ ಸಂಪರ್ಕ ಮತ್ತು ಮಾಪನ ವ್ಯವಸ್ಥೆಗಳಿಗಾಗಿ ದುಡಿದರು. ಧ್ವನಿವರ್ಧಕಗಳ ಅಧ್ಯಯನವು ಈ ಕೆಲಸದ ಜೊತೆಜೊತೆಗೇ ಸಾಗಿತು.

ಕಾಲವಿಳಂಬ ರೋಹಿತಮಾಪನ

ಕೋಣೆಯಲ್ಲಿ ಧ್ವನಿವರ್ಧಕವನ್ನು ನುಡಿಸಿದಾಗ ಮೈಕ್ರೊಫೋನನ್ನು ನೇರ ಧ್ವನಿಯೊಂದೇ ತಲುಪುವುದಿಲ್ಲ. ಗೋಡೆ, ನೆಲ ಮತ್ತು ಛಾವಣಿಗಳಿಂದ ಪ್ರತಿಫಲಿಸಿದ ಧ್ವನಿಯೂ ಅದರೊಡನೆ ಬೆರೆಯುತ್ತದೆ. ಹೀಗಾಗಿ ದೊರೆತ ಅಳತೆ ಧ್ವನಿವರ್ಧಕದ್ದೋ ಕೋಣೆಯದೋ ಎಂಬುದು ಅಸ್ಪಷ್ಟವಾಗುತ್ತದೆ. ದುಬಾರಿಯಾದ ಪ್ರತಿಧ್ವನಿರಹಿತ ಕೊಠಡಿ ಅಥವಾ ತೆರೆದ ಬಯಲು ಇದಕ್ಕಿದ್ದ ರೂಢಿಯ ಪರಿಹಾರ.

ಹೈಸರ್ ಈ ತೊಡಕನ್ನು ಕಾಲದ ವ್ಯತ್ಯಾಸದಿಂದ ಬಿಡಿಸಿದರು. ಅವರ ವಿಧಾನದಲ್ಲಿ ಆವೃತ್ತಿಯು ಸಮಾನ ವೇಗದಲ್ಲಿ ಏರುವ ಒಂದು ಶುದ್ಧ ಸ್ವರವನ್ನು ಧ್ವನಿವರ್ಧಕಕ್ಕೆ ನೀಡಲಾಗುತ್ತದೆ. ಆವೃತ್ತಿಯು ಸೆಕೆಂಡಿಗೆ 10,000 ಹರ್ಟ್ಜ್‌ನಂತೆ ಏರುತ್ತಿದೆ ಎಂದುಕೊಂಡರೆ, 1 ಮೀಟರ್ ದೂರದ ಮೈಕ್ರೊಫೋನನ್ನು ತಲುಪಲು ಧ್ವನಿಗೆ ಸುಮಾರು 2.9 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಮೂಲ ಸ್ವರವು 29 ಹರ್ಟ್ಜ್ ಮುಂದೆ ಸರಿದಿರುತ್ತದೆ. 3 ಮೀಟರ್ ಹಾದಿ ಸವೆಸಿ ಬರುವ ಪ್ರತಿಫಲಿತ ಧ್ವನಿಯು 87 ಹರ್ಟ್ಜ್ ಹಿಂದೆ ಇರುತ್ತದೆ. 29 ಹರ್ಟ್ಜ್ ಅಂತರವನ್ನಷ್ಟೇ ಹಿಂಬಾಲಿಸುವ ಕಿರಿದಾದ ಶೋಧಕವು ನೇರ ಧ್ವನಿಯನ್ನು ಸ್ವೀಕರಿಸಿ ಉಳಿದುದನ್ನು ತಡೆಯುತ್ತದೆ.

ಈ ವಿಧಾನಕ್ಕೆ ಮಿತಿಯೂ ಉಂಟು. ಮೇಲಿನ ಉದಾಹರಣೆಯಲ್ಲಿ ಎರಡು ಧ್ವನಿಗಳ ನಡುವಿನ ಬಿಡುವು 5.8 ಮಿಲಿಸೆಕೆಂಡ್ ಮಾತ್ರ. ಆದ್ದರಿಂದ ಸುಮಾರು 170 ಹರ್ಟ್ಜ್‌ಗಿಂತ ಸೂಕ್ಷ್ಮವಾದ ವಿವರ ದೊರೆಯುವುದಿಲ್ಲ. ಮಂದ್ರ ಸ್ವರಗಳನ್ನು ಅಳೆಯಲು ಮೈಕ್ರೊಫೋನನ್ನು ಧ್ವನಿವರ್ಧಕದ ಶಂಕುವಿನ ತೀರ ಸಮೀಪ ಇರಿಸುವಂತಹ ಬೇರೆ ಕ್ರಮಗಳು ಬೇಕಾಗುತ್ತವೆ.

1967ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಈ ವಿಧಾನವನ್ನು ಕುರಿತ ಪ್ರಬಂಧ ಪ್ರಕಟವಾಯಿತು. 1969 ಮತ್ತು 1971ರ ಪ್ರಬಂಧಗಳಲ್ಲಿ ಅವರು ಧ್ವನಿವರ್ಧಕದ ಪ್ರಾವಸ್ಥೆ ಮತ್ತು ಧ್ವನಿಯು ತಲುಪುವ ಕಾಲವನ್ನು ವಿಶ್ಲೇಷಿಸಿದರು. ಒಂದೇ ಪೆಟ್ಟಿಗೆಯಲ್ಲಿರುವ ವೂಫರ್ ಮತ್ತು ಟ್ವೀಟರ್‌ಗಳ ಧ್ವನಿಗಳು ಸರಿಯಾಗಿ ಕೂಡಬೇಕಾದರೆ ಧ್ವನಿಮಟ್ಟದ ಅಳತೆಯೊಂದೇ ಸಾಲದು, ಇವೆರಡೂ ತಿಳಿದಿರಬೇಕು. ಕ್ರಾಸ್‌ಓವರ್ ಮಂಡಲದ ವಿನ್ಯಾಸವು ಈ ತಿಳಿವಳಿಕೆಯನ್ನು ಅವಲಂಬಿಸಿದೆ.

ವಿಮರ್ಶಕರಾಗಿ

1970ರ ದಶಕದಿಂದ ಹೈಸರ್ 'ಆಡಿಯೊ' ಪತ್ರಿಕೆಗೆ ಧ್ವನಿವರ್ಧಕಗಳ ವಿಮರ್ಶೆಗಳನ್ನು ಬರೆದರು. ಅಳತೆಯ ನಕ್ಷೆಗಳ ಜೊತೆಗೆ ಆಲಿಸಿದ ಅನುಭವವನ್ನೂ ಅವುಗಳಲ್ಲಿ ದಾಖಲಿಸಿದರು. ಮಾಪನದ ಅಂಕಿಗಳಿಗೂ ಕಿವಿಯ ಗ್ರಹಿಕೆಗೂ ಇರುವ ಸಂಬಂಧವನ್ನು ಅರಿಯುವುದು ಅವರ ಚಿಂತನೆಯ ಮುಖ್ಯ ಗುರಿಯಾಗಿತ್ತು.

ನಿಧನ ಮತ್ತು ಪರಂಪರೆ

ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಹೈಸರ್, ಅಧಿಕಾರ ವಹಿಸಿಕೊಳ್ಳುವ ಮೊದಲೇ 1987ರಲ್ಲಿ ನಿಧನರಾದರು. ಮರುವರ್ಷ ಸೊಸೈಟಿಯು ಅವರ ಪ್ರಬಂಧಗಳ ಸಂಕಲನವನ್ನು ಪ್ರಕಟಿಸಿತು. ಅವರ ಹೆಸರಿನಲ್ಲಿ ಸ್ಮಾರಕ ಉಪನ್ಯಾಸ ಮಾಲಿಕೆಯನ್ನೂ ನಡೆಸುತ್ತಿದೆ.

1980ರ ದಶಕದಲ್ಲಿ ಕ್ರೌನ್ ಸಂಸ್ಥೆಯ ಟೆಕ್ರಾನ್ ವಿಭಾಗವು ಟಿಡಿಎಸ್ ಆಧಾರಿತ 'ಟೆಫ್' ವಿಶ್ಲೇಷಕವನ್ನು ಮಾರುಕಟ್ಟೆಗೆ ತಂದಿತು. ಬಳಿಕ ಗಣಕಯಂತ್ರದ ಲೆಕ್ಕಾಚಾರವನ್ನೇ ನೆಚ್ಚಿದ ಬೇರೆ ವಿಧಾನಗಳು ಬಳಕೆಗೆ ಬಂದವು. ಇಂದು ಮನೆಯಲ್ಲಿಯೇ ಧ್ವನಿವರ್ಧಕ ಕಟ್ಟುವ ಹವ್ಯಾಸಿಗಳು ಮೈಕ್ರೊಫೋನ್ ಮತ್ತು ಗಣಕಯಂತ್ರದ ನೆರವಿನಿಂದ ಪ್ರತಿಫಲನಗಳನ್ನು ಕತ್ತರಿಸಿ ಅಳೆಯುತ್ತಾರೆ. ಲೆಕ್ಕದ ಕ್ರಮ ಬೇರೆಯಾದರೂ, ನೇರ ಧ್ವನಿಯನ್ನು ಅದು ಬಂದು ಸೇರುವ ಕಾಲದಿಂದ ಗುರುತಿಸುವ ತತ್ತ್ವ ಇವುಗಳಲ್ಲಿಯೂ ಮುಂದುವರಿದಿದೆ.